ಹತ್ತು ಪೌಂಡಿನ ಪ್ರಮಾಣ

ವೋಟರ್ ಲಿಸ್ಟ್‌ನಲ್ಲಿ ಹೆಸರಿದೆಯಾ ಅಂತ ನೀವು ನೋಡ್ತೀರಲ್ಲ, ಐರ್ಲೆಂಡಿನ ರೈತ ಮೊದಲು ತನ್ನ ಜಮೀನಿನ ಬೆಲೆ ಸಾಬೀತು ಮಾಡಬೇಕಿತ್ತು. 1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿತು. ಅದೇ ವರ್ಷ ಕೌಂಟಿಗಳಲ್ಲಿ ಮತದ ಅರ್ಹತೆ 40 ಶಿಲ್ಲಿಂಗ್‌ನಿಂದ 10 ಪೌಂಡಿಗೆ, ಅಂದರೆ ಐದು ಪಟ್ಟು ಏರಿತು. ಬಡ ರೈತರು ಪಟ್ಟಿಯಿಂದಲೇ ಹೊರಬಿದ್ದರು.

ಸರಿ, ಹತ್ತು ಪೌಂಡ್ ಅಳೆಯೋದು ಹೇಗೆ? ಗೇಣಿ ಕಳೆದು ರೈತನಿಗೆ ಉಳಿಯುವ ಲಾಭವೋ, ಬೇರೊಬ್ಬ ಗೇಣಿದಾರ ಹೆಚ್ಚಿಗೆ ಕೊಡಲು ಒಪ್ಪುವ ಮೊತ್ತವೋ? ನ್ಯಾಯಾಧೀಶರಲ್ಲೇ ಒಮ್ಮತವಿರಲಿಲ್ಲ. ರೈತ ಪ್ರಮಾಣ ಮಾಡಿ ಹೇಳಿದರೆ, ಎದುರು ಪಕ್ಷದವರು ಸುಳ್ಳಾಣೆ ಅನ್ನುತ್ತಿದ್ದರು.

1850ರ ಕಾಯ್ದೆ ಅಳತೆ ಬದಲಿಸಿತು. ಬಡವರ ಪರಿಹಾರದ ತೆರಿಗೆಗಾಗಿ ಮಾಡಿದ ಮೌಲ್ಯಮಾಪನದಲ್ಲಿ ಕೌಂಟಿಯ ಜಮೀನು 12 ಪೌಂಡ್ ಇದ್ದರೆ ಮತ. ಮತದಾರರು ಮೂರು ಪಟ್ಟಿಗೂ ಹೆಚ್ಚಾದರು. ಹಕ್ಕಿನ ಜೊತೆ ಅದರ ಅಳತೆಗೋಲು ಯಾರ ಕೈಯಲ್ಲಿದೆ ಅಂತಲೂ ನೋಡಿ.