ಸಾಕ್ಷಿಯನ್ನು ದಂಡಿಸುವ ಮುನ್ನ

ಕಳೆದ ಬೇಸಿಗೆಯಲ್ಲಿ ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೊರಟಾಗ ನನ್ನ ಕಾರಿನಲ್ಲಿ ಎಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಿತು. ಮೆಕ್ಯಾನಿಕ್ ಒಬ್ಬರು ಸ್ಕ್ಯಾನರ್ ಜೋಡಿಸಿ ನೋಡಿ, “ಆಕ್ಸಿಜನ್ ಸೆನ್ಸರ್ ಹೋಗೇದರಿ ಸರ, ಹೊಸಾದು ಹಾಕಬೇಕ್ರಿ” ಎಂದರು. ಪಿಂಚಣಿದಾರನಿಗೆ ಅದರ ಬೆಲೆ ಸಣ್ಣದಲ್ಲ.

ಸೆನ್ಸರೆಂದರೇನು? ಹೊಗೆಕೊಳವೆಯಲ್ಲಿ ಕುಳಿತು, ಉರಿದ ಅನಿಲದಲ್ಲಿ ಆಮ್ಲಜನಕವೆಷ್ಟು ಉಳಿದಿದೆಯೆಂದು ನುಡಿಯುವ ಸಾಕ್ಷಿ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಹೆಚ್ಚಾದರೆ ಜಿರ್ಕೋನಿಯಾ ಸೆನ್ಸರು ಸುಮಾರು 0.1 ವೋಲ್ಟ್ ತೋರುತ್ತದೆ. ಪೆಟ್ರೋಲು ಹೆಚ್ಚಾದರೆ 0.9. ಎಂಜಿನ್ ಕಾದ ಮೇಲೆ ಅಂಕಿಯು ಇವೆರಡರ ನಡುವೆ ತೂಗಾಡುತ್ತಿರಬೇಕು.

ನನ್ನ ಕಾರಿನಲ್ಲಿ ಅದು ಕೆಳಗೇ ನಿಂತಿತ್ತು. ನವಲಗುಂದದ ತರುಣನೊಬ್ಬ ಎಂಜಿನ್ನಿನ ಗಾಳಿದಾರಿಗೆ ತುಸು ಇಂಧನದ ಆವಿ ಸೇರಿಸಿದ. ಇದು ಪರಿಣತರಿಗೇ ಬಿಡಬೇಕಾದ ಕೆಲಸ. ಅಂಕಿ ತಟ್ಟನೆ ಮೇಲೇರಿತು. ಸಾಕ್ಷಿ ಸುಳ್ಳಾಡಿರಲಿಲ್ಲ! ರಬ್ಬರ್ ಕೊಳವೆಯೊಂದು ಸೀಳಿ, ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿತ್ತು. ಅಂಕಿ ಅಲುಗದೇ ಇದ್ದು, ತಂತಿ-ಜೋಡಣೆಗಳೂ ಸರಿಯಿದ್ದರೆ ಮಾತ್ರ ಸೆನ್ಸರನ್ನು ಅನುಮಾನಿಸಬೇಕಿತ್ತು.

ಸ್ಕ್ಯಾನರಿನ ಸಂಕೇತವು ದೂರು ಮಾತ್ರ. ವಿಚಾರಣೆಯಾಗದೆ ತೀರ್ಪು ಕೊಟ್ಟರೆ ಹಣವೂ ಹೋಗುತ್ತದೆ, ದೀಪವೂ ಆರುವುದಿಲ್ಲ.