ಹೆಜ್ಜೆಗೆ ತಾಳ, ಮಾತಿಗೆ ಮಟ್ಟು

ರಕ್ತದೊತ್ತಡಕ್ಕೆ ಒಂದು ರಾಗ, ನಿದ್ರಾಹೀನತೆಗೆ ಇನ್ನೊಂದು, ಸಂಧಿವಾತಕ್ಕೆ ಮತ್ತೊಂದು ಎಂದು ವಿಂಗಡಿಸಿ ಹೇಳುವ ಪಟ್ಟಿಗಳು ಪತ್ರಿಕೆಗಳ ಪುರವಣಿಗಳಲ್ಲಿ ಆಗಾಗ ಅಚ್ಚಾಗುತ್ತಿರುತ್ತವೆ, ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೂ ಇರುತ್ತವೆ. ಅವುಗಳನ್ನು ಓದಿದವರಲ್ಲಿ, ಸಂಗೀತದಿಂದ ನಿಜವಾಗಿಯೂ ರೋಗ ವಾಸಿಯಾಗುತ್ತದೆಯೇ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಆದರೆ ಪ್ರಶ್ನೆಯನ್ನು ಇಷ್ಟು ಸಗಟಾಗಿ ಕೇಳಿದರೆ ವಿಜ್ಞಾನ ಉತ್ತರ ಕೊಡಲಾರದು. ಯಾವ ರೋಗ, ಸಂಗೀತದ ಯಾವ ಅಂಗ, ಅದು ದೇಹದಲ್ಲಿ ಮಾಡುವ ಕೆಲಸವೇನು ಎಂದು ಬಿಡಿಬಿಡಿಯಾಗಿ ಕೇಳುತ್ತ ಹೋದಾಗ, ಅತ್ಯಂತ ಗಟ್ಟಿಯಾದ ಉತ್ತರಗಳು ಸಿಗುವುದು ಎಲ್ಲರೂ ಹುಡುಕುವ ಮನಶ್ಶಾಂತಿಯ ದಿಕ್ಕಿನಲ್ಲಲ್ಲ, ತೊಡರುವ ಕಾಲ್ನಡಿಗೆ ಮತ್ತು ಕಳೆದುಹೋದ ಮಾತು ಇವೆರಡರ ದಿಕ್ಕಿನಲ್ಲಿ. ಪಟ್ಟಿಗಳಲ್ಲಂತೂ ಇವೆರಡರ ಸುದ್ದಿಯೇ ಇರುವುದಿಲ್ಲ.

ಸಂಗೀತ ಚಿಕಿತ್ಸೆಯು ಒಂದು ವೃತ್ತಿಯಾಗಿ ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದಲ್ಲಿ. ಗಾಯಗೊಂಡು ಮರಳಿದ ಸೈನಿಕರ ಆಸ್ಪತ್ರೆಗಳಲ್ಲಿ ಹಾಡಿ ನುಡಿಸುತ್ತಿದ್ದ ಕಲಾವಿದರಿಗೆ ರೋಗಿಗಳೊಡನೆ ಕೆಲಸ ಮಾಡುವ ತರಬೇತಿಯೂ ಅಗತ್ಯವೆಂದು ಕಂಡುಬಂದು, 1944ರಲ್ಲಿ ಮಿಷಿಗನ್ನಿನಲ್ಲಿ ಇದಕ್ಕೆಂದೇ ಪದವಿ ಶಿಕ್ಷಣ ಆರಂಭವಾಯಿತು. 1950ರಲ್ಲಿ ಚಿಕಿತ್ಸಕರ ರಾಷ್ಟ್ರೀಯ ಸಂಘವೂ ಹುಟ್ಟಿತು. ಈ ವೃತ್ತಿಯವರ ಲೆಕ್ಕದಲ್ಲಿ ಮನೆಯಲ್ಲಿ ಕುಳಿತು ಇಷ್ಟದ ಹಾಡು ಕೇಳುವುದು ಹಿತಕರವಾದದ್ದೇ ಹೊರತು ಚಿಕಿತ್ಸೆಯಲ್ಲ. ತರಬೇತಿ ಪಡೆದ ಚಿಕಿತ್ಸಕ, ಮೊದಲೇ ನಿಗದಿಯಾದ ಗುರಿ, ಅಳೆದು ನೋಡಬಹುದಾದ ಫಲ ಈ ಮೂರೂ ಕೂಡಿದಾಗ ಮಾತ್ರ ಅದು ಚಿಕಿತ್ಸೆ ಎನಿಸುತ್ತದೆ.

ಅಳೆದು ನೋಡಲು ನಡಿಗೆಗಿಂತ ಸುಲಭವಾದದ್ದು ಇಲ್ಲ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವರ್ಣಿಸಿದ, ಮುಂದೆ ಅವನ ಹೆಸರನ್ನೇ ಪಡೆದ ಕಾಯಿಲೆಯಲ್ಲಿ, ಮಿದುಳಿನ ನಡುಭಾಗದ ಕಪ್ಪುಬಣ್ಣದ ಪುಟ್ಟ ಪ್ರದೇಶವೊಂದರ ನರಕೋಶಗಳು ಕ್ರಮೇಣ ಸಾಯುತ್ತವೆ. ಅವು ತಯಾರಿಸುತ್ತಿದ್ದ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದಂತೆ, ಬೇಸಲ್ ಗ್ಯಾಂಗ್ಲಿಯಾ ಎಂದು ಕರೆಯುವ, ಮಿದುಳಿನ ಆಳದಲ್ಲಿರುವ ನರಕೋಶಗಳ ಗೊಂಚಲುಗಳು ತಮ್ಮ ಕೆಲಸದಲ್ಲಿ ತಪ್ಪತೊಡಗುತ್ತವೆ. ಯೋಚನೆಯ ನೆರವಿಲ್ಲದೆ ತಾನೇ ತಾನಾಗಿ ನಡೆಯುವ ಚಲನೆಗಳಿಗೆ, ಅಂದರೆ ಒಂದು ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ ಹೊತ್ತಿಗೆ ಸರಿಯಾಗಿ ಬೀಳುವುದಕ್ಕೆ, ಒಳಗಿನಿಂದ ತಾಳ ಹಾಕುವುದು ಈ ಗೊಂಚಲುಗಳ ಮುಖ್ಯ ಕೆಲಸಗಳಲ್ಲೊಂದು. ಆ ತಾಳ ಕೆಟ್ಟಾಗ ಹೆಜ್ಜೆ ಗಿಡ್ಡವಾಗುತ್ತದೆ, ಪಾದ ನೆಲಕ್ಕೆ ಉಜ್ಜುತ್ತದೆ, ಎಷ್ಟೋ ವೇಳೆ ಹೊಸಿಲ ಬಳಿಗೆ ಬಂದ ರೋಗಿಯ ಕಾಲು ಅಂಟು ಬಳಿದಂತೆ ನಿಂತೇಬಿಡುತ್ತದೆ. ಮುಂದಕ್ಕೆ ಹೋಗಬೇಕೆಂಬ ಮನಸ್ಸು ಇದೆ, ಸ್ನಾಯುಗಳಲ್ಲಿ ಶಕ್ತಿಯೂ ಇದೆ, ಆದರೂ ಕಾಲು ಏಳುವುದಿಲ್ಲ. ಅಚ್ಚರಿಯೆಂದರೆ, ಪಕ್ಕದಲ್ಲಿದ್ದವರು ಒಂದು, ಎರಡು, ಒಂದು, ಎರಡು ಎಂದು ಎಣಿಸಿದರೆ ಅಥವಾ ಕೈತಟ್ಟಿದರೆ ಅನೇಕ ಸಲ ಅದೇ ರೋಗಿ ಹೊಸಿಲು ದಾಟಿ ನಡೆದುಬಿಡುತ್ತಾನೆ.

ಒಳಗಿನ ತಾಳ ಕೆಟ್ಟಾಗ ಹೊರಗಿನ ತಾಳ ಅದರ ಕೆಲಸವನ್ನು ವಹಿಸಿಕೊಳ್ಳುವ ಬಗೆಯನ್ನು ತಿಳಿಯಲು ಭತ್ತ ಕುಟ್ಟುವ ಒರಳನ್ನು ನೆನೆಯುವುದು ಒಳ್ಳೆಯದು. ಗಿರಣಿಗಳು ಬರುವುದಕ್ಕೆ ಮೊದಲು ಹಳ್ಳಿಯ ಮನೆಗಳಲ್ಲಿ ಇಬ್ಬರು ಹೆಂಗಸರು ಎದುರುಬದುರಾಗಿ ನಿಂತು ಒಂದೇ ಒರಳಿಗೆ ಸರದಿಯಂತೆ ಒನಕೆ ಹಾಕುತ್ತಿದ್ದರು. ಒಬ್ಬಳದು ಮೇಲೇಳುತ್ತಿರುವಾಗ ಇನ್ನೊಬ್ಬಳದು ಇಳಿಯಬೇಕು. ಅರೆಗಳಿಗೆ ಹೆಚ್ಚುಕಡಿಮೆಯಾದರೂ ಒನಕೆಗೆ ಒನಕೆ ತಾಕಿ ಅಂಗೈ ಜುಮ್ಮೆನ್ನುತ್ತದೆ, ಭತ್ತ ಒರಳಿನಾಚೆಗೆ ಚೆಲ್ಲುತ್ತದೆ. ಎದುರಿನವಳ ಒನಕೆ ಇಳಿದದ್ದನ್ನು ಕಣ್ಣಾರೆ ಕಂಡು ಆಮೇಲೆ ತನ್ನದನ್ನು ಹೊರಡಿಸಿದರೆ ಹೊತ್ತು ಮೀರಿರುತ್ತದೆ, ಏಕೆಂದರೆ ಕಣ್ಣು ಕಂಡದ್ದು ಮಿದುಳಿಗೆ ಮುಟ್ಟಿ, ಮಿದುಳಿನ ಆಜ್ಞೆ ತೋಳಿಗೆ ತಲುಪಿ, ಭಾರವಾದ ಮರದ ತುಂಡು ಅಲುಗುವುದಕ್ಕೆ ಸಮಯ ಹಿಡಿಯುತ್ತದೆ. ಸುವ್ವಿ ಪದ ಅಲ್ಲಿ ಕೆಲಸಕ್ಕೆ ಬರುತ್ತದೆ. ಹಾಡಿನ ಲಯ ಸಮನಾಗಿ ಸಾಗುತ್ತಿರುವುದರಿಂದ ಮುಂದಿನ ಪೆಟ್ಟು ಬೀಳಬೇಕಾದ ಗಳಿಗೆ ಇಬ್ಬರಿಗೂ ಮುಂಚಿತವಾಗಿಯೇ ಗೊತ್ತಿರುತ್ತದೆ, ತೋಳು ಅದಕ್ಕೆ ತಕ್ಕಂತೆ ಮೊದಲೇ ಹೊರಟಿರುತ್ತದೆ. ಕುಟ್ಟುವ ಬೀಸುವ ಪದಗಳು ದಣಿವು ಮರೆಯಲೆಂದು ಹುಟ್ಟಿದವು ಎಂದು ಜಾನಪದದ ಪುಸ್ತಕಗಳು ಹೇಳುತ್ತವೆ. ಕುಟ್ಟುವ ಪದದ ಮಟ್ಟಿಗೆ ಅದು ಅರ್ಧ ಸತ್ಯ. ಅದು ಎರಡು ದೇಹಗಳಿಗೆ ಹಂಚಿಕೊಟ್ಟ ಒಂದು ಗಡಿಯಾರವೂ ಆಗಿತ್ತು.

ಪ್ರಯೋಗಾಲಯದಲ್ಲಿ ಇದೇ ಸಂಗತಿಯನ್ನು ಇನ್ನಷ್ಟು ಸರಳಗೊಳಿಸಿ ಅಳೆದಿದ್ದಾರೆ. ಸಮನಾದ ಅಂತರದಲ್ಲಿ ಬರುವ ಟಿಕ್ ಸದ್ದಿಗೆ ಸರಿಯಾಗಿ ಮೇಜಿನ ಮೇಲೆ ಬೆರಳು ಬಡಿಯಲು ಹೇಳಿದರೆ, ಸಾಮಾನ್ಯವಾಗಿ ಬೆರಳು ಸದ್ದಿಗಿಂತ ಕೆಲವು ಹತ್ತು ಮಿಲಿಸೆಕೆಂಡುಗಳಷ್ಟು ಮೊದಲೇ ಬೀಳುತ್ತದೆ, ಬಡಿಯುವವರಿಗೆ ಮಾತ್ರ ತಾವು ಸದ್ದಿನೊಡನೆಯೇ ಬಡಿದಂತೆ ತೋರುತ್ತದೆ. ಸದ್ದು ಕೇಳಿದ ಮೇಲೆ ಬಡಿಯುವುದಾದರೆ ನೂರೈವತ್ತು ಮಿಲಿಸೆಕೆಂಡುಗಳ ಆಸುಪಾಸಿನಲ್ಲಿ ತಡವಾಗಬೇಕಿತ್ತು. ಹೀಗೆ, ಲಯವನ್ನು ಕೇಳುವ ಮಿದುಳು ಮುಂದಿನ ಪೆಟ್ಟನ್ನು ಊಹಿಸುತ್ತ, ಸ್ನಾಯುಗಳನ್ನು ಮೊದಲೇ ಅಣಿಗೊಳಿಸುತ್ತಿರುತ್ತದೆ. ಅಲುಗಾಡದೆ ಮಲಗಿ ತಾಳವನ್ನು ಕೇವಲ ಕೇಳುತ್ತಿರುವವರ ಮಿದುಳಿನ ಚಿತ್ರಗಳಲ್ಲಿಯೂ ಚಲನೆಗೆ ಸಂಬಂಧಿಸಿದ ಭಾಗಗಳು ಚುರುಕಾಗುವುದನ್ನು ಗುರುತಿಸಲಾಗಿದೆ. ಕಛೇರಿಯಲ್ಲಿ ಸುಮ್ಮನೆ ಕುಳಿತ ಶ್ರೋತೃವಿನ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗುವುದರ ಗುಟ್ಟು ಇದೇ ಇರಬೇಕು.

ಈ ತಿಳಿವಳಿಕೆಯನ್ನು ನಡಿಗೆಯ ಚಿಕಿತ್ಸೆಯಾಗಿಸಿದವರಲ್ಲಿ ಮೊದಲ ಹೆಸರು ಅಮೆರಿಕದ ಕೊಲೊರಾಡೊದಲ್ಲಿ ಕೆಲಸ ಮಾಡುತ್ತಿದ್ದ ಮೈಕೆಲ್ ಥೌಟ್ ಅವರದು. 1996ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಪಾರ್ಕಿನ್ಸನ್ ರೋಗಿಗಳ ಒಂದು ಗುಂಪು ಮೂರು ವಾರ ಕಾಲ ದಿನವೂ, ತಾಳದ ಪೆಟ್ಟು ಎದ್ದು ಕೇಳುವಂತೆ ಸಿದ್ಧಪಡಿಸಿದ ಸಂಗೀತದ ಜೊತೆಗೆ ನಡೆಯುವ ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಅದೇ ಅಭ್ಯಾಸವನ್ನು ತಾಳವಿಲ್ಲದೆ ತನ್ನದೇ ವೇಗದಲ್ಲಿ ಮಾಡಿತು. ಮೊದಲ ಗುಂಪಿನ ನಡಿಗೆಯ ವೇಗ ಶೇಕಡಾ 25ರಷ್ಟು, ಹೆಜ್ಜೆಯ ಉದ್ದ ಶೇಕಡಾ 12ರಷ್ಟು ಸುಧಾರಿಸಿತು, ಎರಡನೆಯ ಗುಂಪು ಆ ಮಟ್ಟವನ್ನು ಮುಟ್ಟಲಿಲ್ಲ. ವಿಧಾನ ಸರಳವಾದದ್ದು: ಮೊದಲು ರೋಗಿಯ ಸಹಜ ನಡಿಗೆಯ ಗತಿಯನ್ನು ಎಣಿಸಿ, ಅದೇ ಗತಿಯ ತಾಳವನ್ನು ಕೇಳಿಸಿ, ಹೆಜ್ಜೆ ಅದಕ್ಕೆ ಹೊಂದಿಕೊಂಡ ಮೇಲೆ ತಾಳವನ್ನು ಚೂರುಚೂರೇ ಚುರುಕುಗೊಳಿಸುತ್ತಾರೆ. ಪಾರ್ಶ್ವವಾಯು ಹೊಡೆದು ಒಂದು ಕಾಲು ಎಳೆಯುವವರಿಗೂ ಇದನ್ನು ಬಳಸುತ್ತಾರೆ. ರೋಗ ಇದರಿಂದ ಹೋಗುವುದಿಲ್ಲ, ಸತ್ತ ನರಕೋಶ ಮರಳಿ ಹುಟ್ಟುವುದೂ ಇಲ್ಲ; ಅಭ್ಯಾಸ ನಿಂತರೆ ಲಾಭವೂ ನಿಧಾನವಾಗಿ ಕರಗುತ್ತದೆ. ಇಷ್ಟು ಮಿತಿಯಿದ್ದರೂ ಹೊಸಿಲು ದಾಟಲಾಗದವರಿಗೆ ಇದು ಸಣ್ಣ ಲಾಭವಲ್ಲ. ಇಲ್ಲಿ ಕೆಲಸ ಮಾಡುವುದು ಯಾವ ರಾಗವೂ ಅಲ್ಲ, ಸಮನಾಗಿ ಟಿಕ್ ಎನ್ನುವ ಮೆಟ್ರೊನೋಮ್ ಯಂತ್ರದ ಬರಿಯ ಸದ್ದಿನಿಂದಲೂ ಹೆಜ್ಜೆ ಸುಧಾರಿಸುತ್ತದೆ ಎಂಬುದನ್ನು ಗಮನಿಸಬೇಕು.

ಮಾತಿನ ಕಥೆ ಇನ್ನೂ ಹಳೆಯದು. ಪಾರ್ಶ್ವವಾಯುವಿನಿಂದ ಮಾತು ನಿಂತುಹೋದ ವ್ಯಕ್ತಿಯೊಬ್ಬ ಚರ್ಚಿನ ಸ್ತೋತ್ರಗಳನ್ನು ಮಾತ್ರ ಪದಗಳ ಸಮೇತ ಹಾಡಬಲ್ಲವನಾಗಿದ್ದನೆಂದು ಸ್ವೀಡನ್ನಿನ ಊಲೋಫ್ ಡಾಲಿನ್ 1745ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ. ಮಾತಿನ ಉತ್ಪಾದನೆಗೆ ಮಿದುಳಿನ ಎಡಭಾಗದ ಮುಂದಿನ ತುಂಡೊಂದು ಮುಖ್ಯವೆಂದು ಪಾಲ್ ಬ್ರೋಕಾ ತೋರಿಸಿದ್ದು ಅದಾದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1861ರಲ್ಲಿ. ಆ ಭಾಗಕ್ಕೆ ಪೆಟ್ಟಾದಾಗ ಉಂಟಾಗುವ ಮಾತಿನ ನಷ್ಟಕ್ಕೆ ಅಫೇಸಿಯಾ ಎಂದು ಹೆಸರು. ಹೇಳಬೇಕಾದದ್ದು ಗೊತ್ತಿರುತ್ತದೆ, ಕೇಳಿದ್ದೂ ಬಹುಮಟ್ಟಿಗೆ ಅರ್ಥವಾಗುತ್ತದೆ, ಮಾತು ಮಾತ್ರ ಹೊರಡುವುದಿಲ್ಲ. 1973ರಲ್ಲಿ ಬಾಸ್ಟನ್ನಿನ ಆಲ್ಬರ್ಟ್, ಸ್ಪಾರ್ಕ್ಸ್ ಮತ್ತು ಹೆಲ್ಮ್ ಎಂಬ ಮೂವರು ಇಂಥವರಿಗೆ ಹಾಡಿನ ದಾರಿಯಿಂದ ಮಾತು ಕಲಿಸುವ ಕ್ರಮವೊಂದನ್ನು ಮುಂದಿಟ್ಟರು. ಕನ್ನಡಕ್ಕೆ ಅಳವಡಿಸಿ ಹೇಳುವುದಾದರೆ, ನೀರು ಬೇಕು ಎಂಬುದನ್ನು ನೀ, ರು, ಬೇ, ಕು ಎಂದು ನಾಲ್ಕು ಅಕ್ಷರಗಳಾಗಿ ಬಿಡಿಸಿ, ಎತ್ತರ ಮತ್ತು ತಗ್ಗಿನ ಎರಡೇ ಸ್ವರಗಳಲ್ಲಿ ನಿಧಾನವಾಗಿ ಹಾಡಿಸುತ್ತ, ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈಯಿಂದ ಮೇಜನ್ನು ತಟ್ಟಿಸಬೇಕು; ಮೊದಲು ಚಿಕಿತ್ಸಕನೂ ಜೊತೆಗೂಡಿ ಹಾಡುತ್ತಾನೆ, ಆಮೇಲೆ ನಡುವೆ ದನಿ ನಿಲ್ಲಿಸುತ್ತಾನೆ, ಕೊನೆಗೆ ಮಟ್ಟು ಕಳಚಿ ಮಾತು ಉಳಿಯುತ್ತದೆ. 2011ರಲ್ಲಿ ತಲೆಗೆ ಗುಂಡೇಟು ತಿಂದ ಅಮೆರಿಕದ ಸಂಸದೆ ಗ್ಯಾಬ್ರಿಯಲ್ ಗಿಫರ್ಡ್ಸ್ ಮಾತನ್ನು ಮರಳಿ ಪಡೆಯುವ ಪ್ರಯತ್ನದಲ್ಲಿ ಹಾಡಿನ ನೆರವು ಪಡೆದದ್ದರಿಂದ ಈ ವಿಧಾನ ಜನರ ಗಮನಕ್ಕೆ ಬಂತು. ಆದರೆ ಅದೇ ವರ್ಷ ಜರ್ಮನಿಯ ಸಂಶೋಧಕರು ಹದಿನೇಳು ರೋಗಿಗಳನ್ನು ಪರೀಕ್ಷಿಸಿ, ಇಲ್ಲಿ ಉಪಕಾರ ಮಾಡುವುದು ಸ್ವರದ ಏರಿಳಿತಕ್ಕಿಂತ ಹೆಚ್ಚಾಗಿ ಲಯ ಮತ್ತು ಬಾಯಿಪಾಠವಾದ ಪದಗಳ ಪರಿಚಯ ಎಂಬ ನಿರ್ಣಯಕ್ಕೆ ಬಂದರು. ಮತ್ತೆ ತಾಳವೇ ಮುಂದೆ ಬಂದು ನಿಂತಿತು.

ಇನ್ನು ಎಲ್ಲರ ಆಸಕ್ತಿಯ ವಿಷಯವಾದ ಮಾನಸಿಕ ಒತ್ತಡ. ಆಸ್ಪತ್ರೆಯ ಮಟ್ಟಿಗೆ ಇಲ್ಲಿ ಸಾಕ್ಷ್ಯ ಚೆನ್ನಾಗಿಯೇ ಇದೆ. ಶಸ್ತ್ರಚಿಕಿತ್ಸೆಗೆ ಒಳಗಾದವರ ಮೇಲೆ ನಡೆದ ಎಪ್ಪತ್ತಕ್ಕೂ ಹೆಚ್ಚು ಪ್ರಯೋಗಗಳನ್ನು, ಅಂದರೆ ಸುಮಾರು 7,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ತೂಗಿದ ಬರಹವೊಂದು 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಗೀತ ಕೇಳಿಸಿಕೊಂಡವರಿಗೆ ನೋವು ಮತ್ತು ಆತಂಕ ಕಡಿಮೆಯಿದ್ದವು, ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಆಸ್ಪತ್ರೆಯಲ್ಲಿ ಉಳಿಯಬೇಕಾದ ದಿನಗಳು ಮಾತ್ರ ಕಡಿಮೆಯಾಗಲಿಲ್ಲ. ಖರ್ಚಿಲ್ಲದ, ಅಡ್ಡಪರಿಣಾಮವಿಲ್ಲದ ಒಂದು ನೆರವಿನಿಂದ ಇಷ್ಟಾದರೆ ಅದನ್ನು ಬೇಡವೆನ್ನಲು ಕಾರಣವಿಲ್ಲ. ಆದರೆ ಒತ್ತಡದ ಒಳ ಲೆಕ್ಕ ಅಷ್ಟು ಸರಳವಾಗಿಲ್ಲ. 2013ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಪ್ರಯೋಗವೊಂದರಲ್ಲಿ ಅರವತ್ತು ಮಂದಿ ಆರೋಗ್ಯವಂತ ಮಹಿಳೆಯರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಹಿತವಾದ ಸಂಗೀತ, ಇನ್ನೊಂದಕ್ಕೆ ನೀರು ಹರಿಯುವ ಸದ್ದು ಕೇಳಿಸಿ, ಮೂರನೆಯದನ್ನು ಸುಮ್ಮನೆ ಕೂರಿಸಿ, ಆಮೇಲೆ ಅಪರಿಚಿತರ ಮುಂದೆ ಭಾಷಣ ಮಾಡಿಸಿ ಬಾಯಿಲೆಕ್ಕ ಹಾಕಿಸಲಾಯಿತು. ದೇಹ ಒತ್ತಡದಲ್ಲಿದ್ದಾಗ ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಅತಿ ಕಡಿಮೆ ಏರಿದ್ದು ನೀರಿನ ಸದ್ದು ಕೇಳಿದವರಲ್ಲಿ. ಸಂಗೀತ ಕೇಳಿದವರಲ್ಲಿ ಅದು ಎಲ್ಲರಿಗಿಂತ ಹೆಚ್ಚಾಗಿತ್ತು. ಒತ್ತಡ ಮುಗಿದ ಮೇಲೆ ನರಮಂಡಲ ಬೇಗನೆ ಮೊದಲಿನ ಸ್ಥಿತಿಗೆ ಮರಳುವುದಕ್ಕೆ ಸಂಗೀತ ನೆರವಾಯಿತೆಂಬುದೂ ಅದೇ ಪ್ರಯೋಗದಲ್ಲಿ ಕಂಡಿತು. ಸಂಗೀತ ಒತ್ತಡವನ್ನು ಇಳಿಸುತ್ತದೆ ಎಂಬ ಒಂದೇ ವಾಕ್ಯದಲ್ಲಿ ಇದನ್ನೆಲ್ಲ ಅಡಗಿಸಲಾಗದು.

ಈ ಹಿನ್ನೆಲೆಯಲ್ಲಿ ರೋಗಕ್ಕೊಂದು ರಾಗವನ್ನು ಗೊತ್ತುಪಡಿಸುವ ಪಟ್ಟಿಗಳತ್ತ ಮರಳಿದರೆ, ಅವುಗಳ ದೌರ್ಬಲ್ಯ ಸಂಗೀತ ಬಲ್ಲವರಿಗೇ ಮೊದಲು ಕಾಣಬೇಕು. ಕರ್ನಾಟಕ ಪದ್ಧತಿಯ ಹಿಂದೋಳ ಮತ್ತು ಹಿಂದುಸ್ತಾನಿಯ ಮಾಲಕೌಂಸ್ ಇವೆರಡರ ಸ್ವರಗಳು ಒಂದೇ. ಹೀಗಿರುವಾಗ ಕೆಲವು ಪಟ್ಟಿಗಳು ಹಿಂದೋಳವನ್ನು ಕೀಲುನೋವಿಗೂ ಮಾಲಕೌಂಸನ್ನು ರಕ್ತದೊತ್ತಡದ ಇಳಿಕೆಗೂ ಬರೆದುಕೊಡುತ್ತವೆ. ಅದೇ ಐದು ಸ್ವರಗಳು ವಿಂಧ್ಯವನ್ನು ದಾಟಿದೊಡನೆ ಮೊಣಕಾಲನ್ನು ಬಿಟ್ಟು ರಕ್ತನಾಳವನ್ನು ಹಿಡಿಯುವುದು ಹೇಗೆಂಬುದನ್ನು ಪಟ್ಟಿ ಮಾಡಿದವರೇ ವಿವರಿಸಬೇಕು. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯನ ಹೊಟ್ಟೆನೋವನ್ನು ಅಠಾಣ ರಾಗದ ಬೃಹಸ್ಪತೇ ಕೃತಿಯಿಂದ ಗುಣಪಡಿಸಿದರೆಂಬ ಐತಿಹ್ಯವನ್ನು ಅನೇಕರು ಆಧಾರವಾಗಿ ಎತ್ತುತ್ತಾರೆ. ಐತಿಹ್ಯವನ್ನು ಹೇಳಿದಂತೆಯೇ ಒಪ್ಪಿದರೂ ಅದರಲ್ಲಿ ವಾಸಿ ಮಾಡಿದ ಕೀರ್ತಿ ಸಲ್ಲುವುದು ಶಿಷ್ಯನ ಜಾತಕದಲ್ಲಿ ಪ್ರತಿಕೂಲವಾಗಿದ್ದ ಗುರುಗ್ರಹದ ಪ್ರಾರ್ಥನೆಗೆ. ಅಠಾಣವು ಹೊಟ್ಟೆನೋವಿನ ಔಷಧಿಯೆಂದು ಆ ಕಥೆಯೂ ಹೇಳುವುದಿಲ್ಲ.

ಪ್ರಯೋಗಗಳು ನಡೆದೇ ಇಲ್ಲವೆಂದಲ್ಲ. ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧವನ್ನು ಅಭ್ಯಾಸ ಮಾಡಲೆಂದೇ ಒಂದು ಪ್ರಯೋಗಾಲಯವಿದೆ. ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರ ಸಂಶೋಧಕರು ರಕ್ತದೊತ್ತಡ ಗಡಿಯಲ್ಲಿದ್ದವರಿಗೆ ಭೀಮಪಲಾಸ್ ರಾಗವನ್ನು ಕೇಳಿಸಿ ಪರಿಶೀಲಿಸಿದ್ದಾರೆ. ಅಲ್ಲಿ ಹೋಲಿಕೆ ನಡೆದದ್ದು ಜೀವನಶೈಲಿಯ ಬದಲಾವಣೆಯೊಂದನ್ನೇ ಪಾಲಿಸಿದವರೊಡನೆ. ದಿನವೂ ಒಂದಷ್ಟು ಹೊತ್ತು ಕಣ್ಣುಮುಚ್ಚಿ ಸುಮ್ಮನೆ ಕೂರುವುದರ ಫಲವನ್ನೂ ಭೀಮಪಲಾಸಿನ ಫಲವನ್ನೂ ಇಂಥ ಹೋಲಿಕೆ ಬೇರ್ಪಡಿಸಲಾರದು. ಅದಕ್ಕೆ ಒಂದು ಗುಂಪಿಗೆ ಭೀಮಪಲಾಸ್, ಇನ್ನೊಂದಕ್ಕೆ ಅದೇ ಗತಿಯ ಬೇರೊಂದು ರಾಗ, ಮತ್ತೊಂದಕ್ಕೆ ಬರಿಯ ಮೌನ ಎಂದು ಹಂಚಿ ನೋಡಬೇಕಾಗುತ್ತದೆ.

ಅದಕ್ಕೆ ಸಮೀಪದ ಕೆಲಸವೊಂದು ಇಟಲಿಯಲ್ಲಿ ನಡೆದಿದೆ. ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹನ್ನೆರಡು ಮಂದಿ ಸಂಗೀತಗಾರರಿಗೂ ಹನ್ನೆರಡು ಮಂದಿ ಸಂಗೀತ ಕಲಿಯದವರಿಗೂ ಆರು ಬಗೆಯ ಸಂಗೀತವನ್ನು ಕೇಳಿಸಿ, ಉಸಿರಾಟ, ನಾಡಿ, ರಕ್ತದೊತ್ತಡಗಳನ್ನು ದಾಖಲಿಸಿದರು. ಆ ಆರರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳಿದ್ದವು, ರಾಪ್ ಇತ್ತು, ಭಾರತದ ರಾಗಸಂಗೀತವೂ ಇತ್ತು. ಗತಿ ಚುರುಕಾದಷ್ಟೂ ನಾಡಿ ಮತ್ತು ಉಸಿರು ಏರಿದವು, ನಿಧಾನವಾದಾಗ ಇಳಿದವು. ಸಂಗೀತದ ಶೈಲಿ ಯಾವುದು, ಕೇಳುವವರಿಗೆ ಅದು ಇಷ್ಟವೇ ಎಂಬುದಕ್ಕೆ ಅಷ್ಟಾಗಿ ಬೆಲೆಯಿರಲಿಲ್ಲ. ಸಂಗೀತದ ನಡುನಡುವೆ ಎಲ್ಲಾದರೊಂದು ಕಡೆ ಎರಡು ನಿಮಿಷಗಳ ಮೌನವನ್ನು ಮುನ್ಸೂಚನೆಯಿಲ್ಲದೆ ಸೇರಿಸಲಾಗಿತ್ತು. ಇಪ್ಪತ್ನಾಲ್ಕು ಮಂದಿಯ ನಾಡಿಯೂ ರಕ್ತದೊತ್ತಡವೂ, ಪ್ರಯೋಗ ಆರಂಭವಾಗುವ ಮೊದಲು ಅವರು ವಿಶ್ರಮಿಸುತ್ತಿದ್ದಾಗಿನ ಮಟ್ಟಕ್ಕಿಂತಲೂ ಸರಾಸರಿಯಲ್ಲಿ ಕೆಳಗೆ ಇಳಿದದ್ದು ಆ ಎರಡು ನಿಮಿಷಗಳಲ್ಲಿ.