ನಗೆನಾಟಕದ ನಾಯಕಿಗೆ ಡೌನ್ ಸಿಂಡ್ರೋಮ್

ಹುಡುಗಿ ಒಬ್ಬನನ್ನು ಮೆಚ್ಚುತ್ತಾಳೆ, ಮನೆಯ ಹಿರಿಯರು ಅಡ್ಡ ಬರುತ್ತಾರೆ, ಪೇಚಾಟದ ಮೇಲೆ ಪೇಚಾಟ ನಡೆದು ಕೊನೆಗೆ ಜೋಡಿ ಕೂಡುತ್ತದೆ. ರೋಮಿನ ಪ್ಲಾಟಸ್‌ನ ಕಾಲದಿಂದ ನಮ್ಮ ಕಂಪನಿ ನಾಟಕಗಳವರೆಗೆ ನಗೆನಾಟಕದ ಹಂದರ ಹೆಚ್ಚುಕಡಿಮೆ ಇದೇ. ಫ್ರಾನ್ಸಿನ ಮೋಲಿಯೇರ್ 1673ರಲ್ಲಿ ಆಡಿದ ತನ್ನ ಕಟ್ಟಕಡೆಯ ನಾಟಕದಲ್ಲಿ ಈ ಅಡ್ಡಗಾಲಿಗೆ ವೈದ್ಯನ ನಿಲುವಂಗಿ ತೊಡಿಸಿದ. ಇಲ್ಲದ ರೋಗಗಳೆಲ್ಲ ತನಗಿವೆ ಎಂದು ನಂಬಿದ ಆರ್ಗಾನ್, ಮನೆಯಲ್ಲೇ ಒಬ್ಬ ವೈದ್ಯನಿರಲಿ ಎಂಬ ಆಸೆಗೆ ಮಗಳನ್ನು ವೈದ್ಯನಿಗೇ ಕೊಡಲು ಹೊರಡುತ್ತಾನೆ. ಮಗಳ ಮನಸ್ಸೋ ಬೇರೊಬ್ಬನ ಮೇಲೆ. ಬಯಸುವವಳು ಒಂದು ಕಡೆ, ಅವಳ ಒಳಿತು ತನಗೇ ಗೊತ್ತೆನ್ನುವ ಅಧಿಕಾರ ಇನ್ನೊಂದು ಕಡೆ.

ಆ ಹಂದರಕ್ಕೆ 2018ರಲ್ಲಿ ಲಂಡನ್ನಿನ ಬುಷ್ ಥಿಯೇಟರಿನಲ್ಲಿ ಹೊಸ ನಾಯಕಿ ಸಿಕ್ಕಳು. ಬೆನ್ ವೆದರಿಲ್ ಬರೆದ ‘ಜೆಲ್ಲಿಫಿಶ್’ ನಾಟಕದ ಕೆಲ್ಲಿಗೆ 27 ವರ್ಷ. ಡೌನ್ ಸಿಂಡ್ರೋಮ್ ಇದೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ಸ್ಕೆಗ್ನೆಸ್‌ನಲ್ಲಿ ತಾಯಿ ಆಗ್ನೆಸ್ ಜೊತೆ ವಾಸ. ಊರಿನ ವಿಡಿಯೋ ಗೇಮ್ ಮಳಿಗೆಯಲ್ಲಿ ಕೆಲಸ ಮಾಡುವ ನೀಲ್‌ನ ಪರಿಚಯವಾಗುತ್ತದೆ. ಅವನಿಗೆ ಯಾವ ಅಂಗವೈಕಲ್ಯವೂ ಇಲ್ಲ. ಪರಿಚಯ ಪ್ರೀತಿಗೆ ತಿರುಗುತ್ತದೆ, ಕೆಲ್ಲಿ ಬಸುರಾಗುತ್ತಾಳೆ. ಇಂಥ ಹುಡುಗಿಯ ಹಿಂದೆ ಬಿದ್ದವನ ಉದ್ದೇಶ ಒಳ್ಳೆಯದಿರಲು ಸಾಧ್ಯವೇ ಎಂಬುದು ತಾಯಿಯ ಸಂಶಯ. ಮಗಳಿಗೆ ತಕ್ಕ ಜೋಡಿ ಎಂದು ಆಸ್ಪರ್ಜರ್ ಸಿಂಡ್ರೋಮ್ (ಆಟಿಸಂನ ಒಂದು ಬಗೆ) ಇರುವ ಡಾಮಿನಿಕ್‌ನನ್ನು ಅವಳೆದುರು ತಂದು ಕೂರಿಸುತ್ತಾಳೆ. ಡಾಮಿನಿಕ್‌ನ ಸುತ್ತುಬಳಸಿಲ್ಲದ ಮಾತು, ಕೆಲ್ಲಿಯ ಚುರುಕು ನಾಲಗೆ ಸೇರಿ ನಾಟಕ ನಗೆಯ ಕಡೆ ವಾಲುತ್ತದೆ.

ಕೆಲ್ಲಿಯ ಪಾತ್ರ ಮಾಡಿದ ಸಾರಾ ಗಾರ್ಡಿ ಅವರಿಗೂ ಡೌನ್ ಸಿಂಡ್ರೋಮ್ ಇದೆ. ಅದೇ 2018ರಲ್ಲಿ ಅವರಿಗೆ ಬ್ರಿಟನ್ನಿನ ಎಂಬಿಇ ಗೌರವ ಬಂತು. ಈ ಸ್ಥಿತಿಯಿರುವ ಮಹಿಳೆಗೆ ಅದು ಸಂದದ್ದು ಅದೇ ಮೊದಲು. 2019ರಲ್ಲಿ ನಾಟಕ ನ್ಯಾಷನಲ್ ಥಿಯೇಟರ್ ಏರಿತು.

ಇಂಥ ನಾಟಕ ಐವತ್ತು ವರ್ಷ ಮೊದಲೇ ಏಕೆ ಬರಲಿಲ್ಲ? ಉತ್ತರದ ಒಂದು ತುಂಡು ಆಸ್ಪತ್ರೆಯಲ್ಲಿದೆ. 21ನೇ ವರ್ಣತಂತು ಎರಡರ ಬದಲು ಮೂರು ಪ್ರತಿ ಇರುವುದರಿಂದ ಬರುವ ಈ ಸ್ಥಿತಿಯಲ್ಲಿ ಹುಟ್ಟುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ. ಅಮೆರಿಕದಲ್ಲಿ 1983ರಲ್ಲಿ ಇವರ ಸರಾಸರಿ ಆಯುಷ್ಯ ಸುಮಾರು 25 ವರ್ಷವಿತ್ತು. ಈಗ 60ರ ಹತ್ತಿರ. ಶಸ್ತ್ರಚಿಕಿತ್ಸೆ ಸುಧಾರಿಸಿದ್ದು ನಿಜ. ಆದರೆ ಇರುವ ಶಸ್ತ್ರಚಿಕಿತ್ಸೆಯನ್ನು ಇವರಿಗೂ ಮಾಡಬೇಕು ಎಂಬ ಮನಸ್ಸು ಬಂದದ್ದು ಅದಕ್ಕಿಂತ ದೊಡ್ಡ ಬದಲಾವಣೆ. 1982ರಲ್ಲಿ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ನಿನಲ್ಲಿ ಡೌನ್ ಸಿಂಡ್ರೋಮ್ ಜೊತೆ ಅನ್ನನಾಳದ ದೋಷವೂ ಇದ್ದ ಕೂಸೊಂದು ಹುಟ್ಟಿತು. ಆಪರೇಷನ್ ಬೇಡ ಎಂದರು ಹೆತ್ತವರು. ನ್ಯಾಯಾಲಯ ಅವರ ಮಾತನ್ನೇ ಎತ್ತಿಹಿಡಿಯಿತು. ಆರನೇ ದಿನ ಕೂಸು ತೀರಿಕೊಂಡಿತು. ‘ಬೇಬಿ ಡೋ’ ಎಂದು ಹೆಸರಾದ ಆ ಪ್ರಕರಣದ ಬಳಿಕ ಅಲ್ಲಿ ಕಾನೂನೇ ಬದಲಾಯಿತು. ಮಕ್ಕಳು ಬದುಕಿ ಪ್ರಾಯಕ್ಕೆ ಬಂದರು, ಪ್ರಾಯದ ಬಯಕೆಗಳೂ ಜೊತೆಗೆ ಬಂದವು. ಆ ಬಯಕೆಗೆ ಉತ್ತರ ಕೊಡಲು ಮನೆಯವರೂ ವೈದ್ಯರೂ ಸಿದ್ಧರಿರಲಿಲ್ಲ.

ರಂಗಭೂಮಿಯಾದರೂ ಎಲ್ಲಿ ಸಿದ್ಧವಿತ್ತು? 1967ರಲ್ಲಿ ಗ್ಲಾಸ್ಗೋದಲ್ಲಿ ಮೊದಲು ಆಡಿದ ಪೀಟರ್ ನಿಕೋಲ್ಸ್‌ನ ‘ಎ ಡೇ ಇನ್ ದ ಡೆತ್ ಆಫ್ ಜೋ ಎಗ್’ ತನ್ನ ಕಾಲಕ್ಕೆ ದಿಟ್ಟ ನಾಟಕ. ನಿಕೋಲ್ಸ್‌ಗೆ ತೀವ್ರ ಅಂಗವೈಕಲ್ಯದ ಮಗಳಿದ್ದಳು. ಆ ಬದುಕಿನಿಂದಲೇ ನಾಟಕ ಹುಟ್ಟಿತು. ಮಗಳ ಆರೈಕೆಯಲ್ಲಿ ಬಸವಳಿದ ಬ್ರಯಾನ್ ಮತ್ತು ಶೀಲಾ ದಂಪತಿ ಮುರಿದುಬೀಳದಿರಲು ನಕಲಿ ಮಾಡುತ್ತಾರೆ. ರೋಗದ ಸುದ್ದಿ ಹೇಳಿದ ವೈದ್ಯನನ್ನು ಅಣಕಿಸಿ ತೋರಿಸುತ್ತಾರೆ. ಮನೆಗೆ ಬಂದ ಪ್ಯಾಮ್‌ಗೆ ಚೆಂದವಿಲ್ಲದ ಮೈಗಳನ್ನು ಕಂಡರಾಗದು. ಅಂಥವರಿಗೆಂದೇ ಆಕೆ ಮೂರಕ್ಷರದ ಗುಟ್ಟಿನ ಹೆಸರೊಂದನ್ನು ಇಟ್ಟುಕೊಂಡಿದ್ದಾಳೆ. ದಯಾಮರಣದ ಮಾತೂ ಬರುತ್ತದೆ. ಇಷ್ಟೆಲ್ಲ ನಗೆ, ಸಿಟ್ಟು, ಹಾಸಿಗೆಯ ಜಗಳ ಅಪ್ಪ ಅಮ್ಮನದು. ಮಗಳು ಜೋ ಗಾಲಿಕುರ್ಚಿಯಲ್ಲಿ ನಡುಮನೆಯಲ್ಲಿದ್ದೂ ಮಾತಿಲ್ಲದವಳು. 2019ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಸ್ಟುಡಿಯೋಸ್‌ನಲ್ಲಿ ಮತ್ತೆ ಆಡಿದಾಗ ಜೋ ಪಾತ್ರಕ್ಕೆ ಗಾಲಿಕುರ್ಚಿ ಬಳಸುವ ನಟಿ ಸ್ಟಾರ್ಮ್ ಟೂಲಿಸ್ ಬಂದರು. ಒಂದೇ ವರ್ಷ, ಒಂದೇ ನಗರ: ಜೋ ಮಾತಿಲ್ಲದೆ ಕೂತಿದ್ದಳು, ಕೆಲ್ಲಿ ತನ್ನ ಜೋಕುಗಳನ್ನು ತಾನೇ ಹೇಳುತ್ತಿದ್ದಳು.

ಕೆಲ್ಲಿಯಂಥವಳ ಪ್ರೀತಿಗೆ ಅವಳ ಒಪ್ಪಿಗೆಯೊಂದೇ ಸಾಕೇ ಎಂದು ‘ಜೆಲ್ಲಿಫಿಶ್’ ಕೇಳುವ ಪ್ರಶ್ನೆಗೆ ಇಂಗ್ಲೆಂಡಿನ ಕಾನೂನಿನಲ್ಲಿ ಉತ್ತರವಿದೆ, ಮತ್ತು ಅದು ಬೆರಗಾಗುವಷ್ಟು ಉದಾರವಾದದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯವಾಗುವ 2005ರ ಮಾನಸಿಕ ಸಾಮರ್ಥ್ಯ ಕಾಯಿದೆ, ವಯಸ್ಕರೆಲ್ಲರಿಗೂ ನಿರ್ಧಾರ ಮಾಡುವ ಸಾಮರ್ಥ್ಯ ಇದೆಯೆಂದೇ ಹೊರಡುತ್ತದೆ. ಇಲ್ಲ ಎನ್ನುವವರು ಅದನ್ನು ತೋರಿಸಿಕೊಡಬೇಕು. ಅವಿವೇಕದ ನಿರ್ಧಾರ ಮಾಡಿದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಸಮರ್ಥರೆಂದು ಕಾಣಬಾರದು. ಹೊರಗಿನವರಿಗೆ ಪೆದ್ದುತನವೆಂದು ಕಾಣುವ ಪ್ರೀತಿಯೂ ಪ್ರೀತಿಯೇ ಎಂದು ಶಾಸನ ಒಪ್ಪಿದಂತಾಯಿತು. ಹಾಗೆ ನೋಡಿದರೆ ಅವಿವೇಕದ ನಿರ್ಧಾರಗಳಿಲ್ಲದ ನಗೆನಾಟಕ ಯಾವುದಿದೆ? ಅದೇ ಕಾಯಿದೆಯ 27ನೇ ಕಲಮು ಇನ್ನೂ ಮುಂದೆ ಹೋಗುತ್ತದೆ: ಮದುವೆಗಾಗಲೀ ಮೈಕೂಟಕ್ಕಾಗಲೀ ಒಬ್ಬರ ಪರವಾಗಿ ಇನ್ನೊಬ್ಬರು ಒಪ್ಪಿಗೆ ಕೊಡುವಂತಿಲ್ಲ. ತಾಯಿಯೂ ಇಲ್ಲ, ವೈದ್ಯರೂ ಇಲ್ಲ, ನ್ಯಾಯಾಧೀಶರೂ ಇಲ್ಲ. ಈ ಕಾನೂನು ಎರಡೂ ಕಡೆ ಕೆಲಸ ಮಾಡುತ್ತದೆ. ಒಪ್ಪುವ ಶಕ್ತಿ ಇರುವವಳನ್ನು ತಡೆಯುವಂತಿಲ್ಲ; ಇಲ್ಲದವಳ ಪರವಾಗಿ ಯಾರೂ ಹೂಂ ಅನ್ನುವಂತಿಲ್ಲ. ಆಗ್ನೆಸ್‌ಳ ಭಯ ಸುಳ್ಳಲ್ಲ, ಬೌದ್ಧಿಕ ಅಂಗವೈಕಲ್ಯ ಇರುವ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆಯುವುದು ಜಗತ್ತಿಗೇ ಗೊತ್ತು. ತಾಯಿಯನ್ನು ಖಳನಾಯಕಿ ಮಾಡದೆ ಮಗಳ ಬಯಕೆಯನ್ನು ಗೆಲ್ಲಿಸಲು ಹೊರಟದ್ದರಲ್ಲೇ ವೆದರಿಲ್‌ನ ಹೆಚ್ಚುಗಾರಿಕೆಯಿದೆ.

ಕೆಲ್ಲಿ ಬಸುರಾದ ಮೇಲೆ ಪ್ರೇಕ್ಷಕರ ನಗು ಬಿಗಿಯುವುದಕ್ಕೂ ಕಾರಣವಿದೆ: ಹುಟ್ಟುವ ಮಗುವಿಗೂ ಡೌನ್ ಸಿಂಡ್ರೋಮ್ ಇದ್ದರೆ ಎಂಬ ಪ್ರಶ್ನೆ ಏಳುತ್ತದೆ. 1967ರ ಬ್ರಿಟಿಷ್ ಗರ್ಭಪಾತ ಕಾಯಿದೆಯಲ್ಲಿ ಸಾಮಾನ್ಯ ಮಿತಿ ಈಗ 24 ವಾರ. ಮಗುವಿಗೆ ಗಂಭೀರ ಅಂಗವೈಕಲ್ಯದ ಸಂಭವ ಹೆಚ್ಚಿದ್ದರೆ ಹೆರಿಗೆಯವರೆಗೂ ಅವಕಾಶವಿದೆ. ಡೌನ್ ಸಿಂಡ್ರೋಮ್ ಕೂಡ ಅದರಡಿ ಬರುತ್ತದೆ. ಈ ಸ್ಥಿತಿಯಿರುವ ಹೈಡಿ ಕ್ರೌಟರ್ ಇದು ತನ್ನಂಥವರ ಬದುಕಿಗೆ ಬೆಲೆ ಕಡಿಮೆ ಎಂದು ಹೇಳಿದಂತೆ ಎಂದು ನ್ಯಾಯಾಲಯಕ್ಕೆ ಹೋದರು. 2021ರಲ್ಲಿ ಸೋತರು, 2022ರ ಮೇಲ್ಮನವಿಯಲ್ಲೂ ಸೋತರು. ಹೆಣ್ಣಿನ ದೇಹ ಅವಳದು ಎಂಬ ವಾದ, ಅಂಗವೈಕಲ್ಯ ಇರುವವರ ಬಾಳು ಯಾರದಕ್ಕೂ ಕಡಿಮೆಯಲ್ಲ ಎಂಬ ವಾದ ಇಲ್ಲಿ ಎದುರುಬದುರು ನಿಲ್ಲುತ್ತವೆ. ಎರಡರಲ್ಲಿ ಒಂದನ್ನು ಸುಲಭಕ್ಕೆ ಬಿಟ್ಟುಕೊಡುವಂತಿಲ್ಲ.

ಆ ಗಂಟನ್ನು ಇನ್ನೂ ಕರಾಳವಾದ ನಗೆಯಲ್ಲಿ ಹಿಡಿದದ್ದು ಕೈಟ್ ಓ’ರೈಲಿಯ 2002ರ ‘ಪೀಲಿಂಗ್’. ಅಂಗವೈಕಲ್ಯ ಇರುವ ಕಲಾವಿದರ, 1980ರಿಂದ ನಡೆಯುತ್ತಿರುವ ಗ್ರಾಯೆ ತಂಡ ಅದನ್ನು ಆಡಿತು. ದೊಡ್ಡದೊಂದು ಗ್ರೀಕ್ ದುರಂತ ನಾಟಕದಲ್ಲಿ ಆಲ್ಫಾ, ಬೀಟಿ, ಕೋರಲ್ ಎಂಬ ಮೂವರು ನಟಿಯರು ಮೇಳದವರು. ಭಾರಿ ಲಂಗಗಳನ್ನು ತೊಡಿಸಿ ಅವರನ್ನು ರಂಗದ ಹಿಂಬದಿಯಲ್ಲಿ ನಿಲ್ಲಿಸಿದ್ದಾರೆ. ಬೆಳಕು ತಮ್ಮ ಮೇಲಿಲ್ಲದಾಗ ಅವರು ಗಂಡಸರ ಬಗ್ಗೆ, ಊಟದ ಬಗ್ಗೆ ಹರಟುತ್ತಾರೆ. ಹರಟೆ ಹರಿಯುತ್ತ ಬಸಿರು, ಗರ್ಭಪಾತ, ವಂಶಶುದ್ಧಿಯ ಹೆಸರಲ್ಲಿ ನಡೆದ ಕ್ರೌರ್ಯ ಒಂದೊಂದಾಗಿ ಮೇಲೆ ಬರುತ್ತವೆ. ಮುಂದೆ ಟ್ರಾಯ್ ನಗರದ ತಾಯಂದಿರ ಗೋಳು ನಡೆಯುತ್ತಿರುವಾಗ ಹಿಂದೆ ಇವರದ್ದು ನಡೆಯುತ್ತದೆ. ಜೆನ್ನಿ ಸೀಲಿ ನಿರ್ದೇಶಿಸಿದ ಆ ಪ್ರಯೋಗದಲ್ಲಿ ಸಂಜ್ಞಾಭಾಷೆಯೂ ನಾಟಕದ ಒಳಗೇ ಇತ್ತು.

ಸಾವಿನ ವಿಚಾರವನ್ನೂ ಹಾಡು ಕುಣಿತದಲ್ಲಿ ತಂದವರು ನಟಿ ಲಿಜ್ ಕಾರ್. 2016ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ‘ಅಸಿಸ್ಟೆಡ್ ಸುಸೈಡ್: ದ ಮ್ಯೂಸಿಕಲ್’ ಪ್ರದರ್ಶಿಸಿದರು. ಆರೋಗ್ಯವಂತ ಯುವಕ ಸಾಯಬೇಕೆಂದರೆ ಸಮಾಜ ತಡೆಯಲು ಓಡಿಬರುತ್ತದೆ, ಗಾಲಿಕುರ್ಚಿಯಲ್ಲಿರುವವರು ಹಾಗೆಂದರೆ ಅದು ಸಹಜವೇ ಎಂದು ತಲೆದೂಗುತ್ತದೆ ಎಂಬುದು ಅವರ ವಾದ. 2025ರ ಜೂನ್ 20ರಂದು ಬ್ರಿಟಿಷ್ ಸಂಸತ್ತಿನ ಕೆಳಮನೆ ನೆರವಿನ ಮರಣದ ಮಸೂದೆಯನ್ನು 314–291 ಮತಗಳಿಂದ ಒಪ್ಪಿದಾಗ ಆ ವಾದ ಮತ್ತೆ ಬೀದಿಗೆ ಬಂತು.

ಭಾರತದ ರಂಗಕ್ಕೂ ಇದರಲ್ಲಿ ಹಳೆಯ ಪಾಲಿದೆ. ನಾಟ್ಯಶಾಸ್ತ್ರದ ವಿದೂಷಕ ಕುಳ್ಳ, ಗೂನುಬೆನ್ನಿನವ, ಉಬ್ಬುಹಲ್ಲಿನವ. ನಗಿಸುವ ಕೆಲಸ ಅವನದು, ಪ್ರೀತಿಸುವ ಕೆಲಸ ರಾಜನದು. ‘ಶಾಕುಂತಲ’ದಲ್ಲಿ ದುಷ್ಯಂತನ ವಿರಹಕ್ಕೆ ಜೊತೆಯಾಗುವ ವಿದೂಷಕ ಮಾಧವ್ಯನಿಗೆ ಊಟ, ನಿದ್ದೆಯ ಚಿಂತೆಯಷ್ಟೇ. ಮುಂಬಯಿಯ ನಿಧಿ ಗೋಯಲ್ ಈ ಪಾಲುಪಟ್ಟಿಯನ್ನು ತಿದ್ದಿದ್ದಾರೆ. ಹದಿಹರೆಯದಲ್ಲಿ ದೃಷ್ಟಿ ಕುಂದತೊಡಗಿದ ಅವರು ಸ್ಟ್ಯಾಂಡಪ್ ವೇದಿಕೆಯಲ್ಲಿ ಡೇಟಿಂಗ್, ಮದುವೆ, ಆಸೆಗಳ ಬಗ್ಗೆ ಅಂಧ ಹೆಣ್ಣಾಗಿ ಮಾತಾಡುತ್ತಾರೆ. ಅಲ್ಲಿ ನಗೆಪಾಟಲಾಗುವುದು ಕಣ್ಣಿದ್ದವರ ಕಲ್ಪನೆಗಳು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಸಿನಿಮಾದಲ್ಲಿ ಅಂಗವೈಕಲ್ಯದ ಚಿತ್ರಣ ಕುರಿತ ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಕುಗ್ಗಿಸುವ ಹಾಸ್ಯ ಬೇರೆ, ಅಂಗವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯ ಬೇರೆ ಎಂದು ಗೆರೆ ಎಳೆದದ್ದು ಇಂಥ ಕಲಾವಿದರಿಗೆ ಬಲ ಕೊಡುವ ಮಾತು.

ದೇಹದ ಮೇಲಿನ ಹಕ್ಕಿನ ಕಥೆ ಮಾತ್ರ ಇಲ್ಲಿ ನಗೆಯಿಂದ ಬಹಳ ದೂರ. 1994ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಿರೂರಿನ ಸರ್ಕಾರಿ ನಿಲಯದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆಯಲಾಯಿತು. ಮುಟ್ಟಿನ ಸ್ವಚ್ಛತೆ ನೋಡಿಕೊಳ್ಳಲಾಗದು ಎಂಬುದು ಕೊಟ್ಟ ಕಾರಣ. 2009ರಲ್ಲಿ ಚಂಡೀಗಢದ ನಿಲಯದಲ್ಲಿ ಅತ್ಯಾಚಾರಕ್ಕೊಳಗಾಗಿ ಬಸುರಾದ, ಅಲ್ಪ ಬೌದ್ಧಿಕ ಅಂಗವೈಕಲ್ಯದ ಯುವತಿ ಮಗು ಬೇಕೆಂದಾಗ, ಗರ್ಭಪಾತಕ್ಕೆ ಹೈಕೋರ್ಟ್ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿ ಅವಳ ಇಚ್ಛೆಗೆ ಮಣಿಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 10ನೇ ಕಲಮು ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಕಳೆಯುವ ಚಿಕಿತ್ಸೆಯನ್ನು ನಿಷೇಧಿಸಿದೆ. 92ನೇ ಕಲಮು ಒಪ್ಪಿಗೆಯಿಲ್ಲದ ಗರ್ಭಪಾತಕ್ಕೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ವಿಧಿಸುತ್ತದೆ. ಆದರೆ ಅಂಗವೈಕಲ್ಯ ತೀವ್ರವಾಗಿದ್ದರೆ ವೈದ್ಯರ ಅಭಿಪ್ರಾಯ, ಪೋಷಕರ ಒಪ್ಪಿಗೆ ಸಾಕು ಎಂದು ಅದೇ ಕಲಮು ವಿನಾಯಿತಿಯನ್ನೂ ಇಟ್ಟಿದೆ. ಸ್ಕೆಗ್ನೆಸ್‌ನ ಕೆಲ್ಲಿ ಈ ವಿನಾಯಿತಿಯ ಒಳಗೆ ಬೀಳುತ್ತಿದ್ದಳೋ ಹೊರಗೋ ಎಂಬುದನ್ನು ಇಲ್ಲಿ ತೀರ್ಮಾನಿಸುವವರು ಅವಳ ಮಾತನ್ನು ಮೊದಲು ಕೇಳಬೇಕೆಂದು ಈ ವಿನಾಯಿತಿ ಎಲ್ಲೂ ಹೇಳುವುದಿಲ್ಲ.